ಉಲ್ಟಾ ಅಭ್ಯಂಜನ

ನಾಲ್ಕು ಕ್ಲಿಪ್ಪು ಬಿಚ್ಚಿ ಎತ್ತಿದೆ.
ಹೋದ ಸಂಕ್ರಾಂತಿಗೆ ಹಾಕಿದ್ದ ಫೋಮ್ ಫಿಲ್ಟರು,
ಆಗ ಗಿಣಿಮೂಗಿನಷ್ಟು ಕೆಂಪು.
ಈಗ ಬೆಲ್ಲದ ಪಾಕಕ್ಕೆ ಬಿದ್ದ ಹಳೇ ಬನ್ನು:
ಕಪ್ಪಗೆ, ಭಾರವಾಗಿ, ಬೆರಳು ಬಿಡದೆ.

ಪೇಪರ್ ಫಿಲ್ಟರ್ ಸಾಕು, ಕೊಳೆಯಾದರೆ ಬಿಸಾಕು,
ಎಂದಿದ್ದೆ ಇಲಿಯಾಸನಿಗೆ.
"ಇಂಜಿನ್ ಉಸಿರಾಡ್ಬೇಕಣ್ಣ, ರೇಸಿಗೆ ಹೋಗೋ ಗಾಡಿ."
ಉಸಿರಾಡಲಿ.
ತೊಳೆಯುವವನು ನಾನು ತಾನೇ.

ಪೆಟ್ರೋಲು ಬೇಡ, ಅಂಚಿನ ಗೋಂದು ಬಿಡುತ್ತದೆ.
ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು.
ಅದ್ದಿದ್ದೇ ತಡ, ಬಾಯಿಬಿಟ್ಟಿತು.
ಮೊದಲ ಬಕೆಟ್ಟಿಗೆ ಮುಳಬಾಗಿಲ ದಾರಿಯ ಕೆಮ್ಮಣ್ಣು, ಮೊನ್ನೆಯದು.
ಎರಡನೆಯದಕ್ಕೆ ಟೇಕಲ್ಲಿನ ಕ್ರಷರ್ ಹಿಟ್ಟು,
ಹಲ್ಲುಪುಡಿಯ ಹಾಗೆ ನುಣ್ಣಗೆ.
ಮೂರನೆಯದಕ್ಕೆ ಬೂದಿ ಬಣ್ಣ.
ಕೆಜಿಎಫ್ ಸೈನೈಡ್ ದಿಬ್ಬದ ಪುಡಿ ಅದು, ಕಂಡರೆ ಗೊತ್ತಾಗುತ್ತೆ.
ಒಳಗೆ ಕೂತಿದೆ, ಅಂದರೆ ಬಹಳ ದಿನದ್ದು.

"ಆ ಕಡೆ ಹೋಗೋದೇ ಇಲ್ಲಣ್ಣ" ಅಂದಿದ್ದ.
ರಾಬರ್ಟ್‌ಸನ್‌ಪೇಟೆಯಲ್ಲಿ ಯಾರೋ ಇದ್ದಾರೆ.
ಇರಲಿ.
ನೀರು ಚರಂಡಿಗೆ ಚೆಲ್ಲಿದೆ.

ತಿಳಿನೀರು ಬಂದ ಮೇಲೆ
ಪಂಚೆ ಹಿಂಡುವ ಹಾಗೆ ತಿರುಚಹೊರಟೆ.
"ಏಯ್ ಸೊಣ್ಣಪ್ಪ, ಕತ್ತು ಮುರೀತೀಯೇನೋ ಅದರದು!"
ಬುತ್ತಿ ತಂದು ಟೈರಿನ ಮೇಲೆ ಕೂತಿದ್ದಳು ಅಮ್ಮ.

ನಲವತ್ತು ವರ್ಷ ಗಲ್‌ಪೇಟೆಯ ಕೂಸುಗಳಿಗೆ ಎಣ್ಣೆನೀರು ಎರೆದವಳು,
ಬಚ್ಚಲಲ್ಲಿ ಕಾಲು ನೀಡಿ, ಮೊಳಕಾಲ ಮೇಲೆ ಬೋರಲು ಹಾಕಿಕೊಂಡು.
ಈಗ ಕರೆಯುವವರಿಲ್ಲ;
ಡಾಕ್ಟರು ಬೇಡ ಅಂತಾರಂತೆ.

ಕಸಿದುಕೊಂಡಳು.
ಎರಡು ಅಂಗೈ ನಡುವೆ ಅದುಮಿದಳು, ಬಿಟ್ಟಳು,
ಅದುಮಿದಳು, ಬಿಟ್ಟಳು.
ಒಂದು ಸಲವೂ ತಿರುಚಲಿಲ್ಲ.
ಫೋಮು ತಾನೇ ಉಬ್ಬಿ ತಾನೇ ನಿಂತಿತು.

"ಬಿಸಿಲಿಗೋ?"
"ನೆರಳಿಗೆ."
"ಸದ್ಯ, ಒಂದಾದರೂ ಗೊತ್ತಲ್ಲ."

ಗಾಳಿ ಪೈಪು ಹಿಡಿದರೆ ನಿಮಿಷದ ಕೆಲಸ,
ಆದರೆ ತೂತು ಹರಿದುಹೋಗುತ್ತೆ.
ಕಾದೆವು. ಮುದ್ದೆ ಮುಗಿಯಿತು, ಹುರುಳಿ ಸಾರೂ.
ಏರ್ ಬಾಕ್ಸಿನ ಒಳಗೆ ಒರೆಸಿದೆ;
ಮೂಲೆಯಲ್ಲಿ ಒಂದು ಜೀರುಂಡೆ ಸತ್ತಿತ್ತು,
ಬೆನ್ನಿನ ಹಸಿರು ಮಾತ್ರ ಮಾಸಿರಲಿಲ್ಲ.

ಎಣ್ಣೆ ಡಬ್ಬಿ ತೆಗೆದಾಗ ನಕ್ಕಳು.
"ಎಣ್ಣೆ ಹಚ್ಚಿ ನೀರು ಹಾಕೋದು ಲೋಕ,
ನೀರು ಹಾಕಿ ಎಣ್ಣೆ ಹಚ್ಚೋದು ನೀನು!"
ಹೇಳಿದೆ:
ಕೂಸಿನ ಮೈಯೆಣ್ಣೆ ಜಾರುವುದಕ್ಕೆ,
ಇದರದು ಹಿಡಿಯುವುದಕ್ಕೆ.
ಅಂಟಿಲ್ಲದಿದ್ದರೆ ಧೂಳು ಸೀದಾ ಎದೆಗೇ ಇಳಿಯುತ್ತೆ.
ತಲೆಯಾಡಿಸಿದಳು.
ಒಪ್ಪಿದಳೋ, ಡಬ್ಬಿಯ ವಾಸನೆ ಹಿಡಿದಳೋ.

ನೀಲಿ ಎಣ್ಣೆ, ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಫಿಲ್ಟರು.
ಹೊರಗಿನಿಂದ ಅವಳ ಹೆಬ್ಬೆರಳು
ಕಂಕುಳಿಗೆ, ಕತ್ತಿನ ಮಡಿಕೆಗೆ, ಕಿವಿಯ ಹಿಂದಕ್ಕೆ,
ಇಲ್ಲದ ಕಿವಿಯ ಹಿಂದಕ್ಕೂ.
"ಹೆಚ್ಚಾಗಿದ್ದು ಒತ್ತಿ ತೆಗೀಬೇಕು" ಎಂದೆ.
"ಉಸಿರು ಕಟ್ಟುತ್ತೆ, ಗೊತ್ತು."

ಬೆಳಕಿಗೆ ಹಿಡಿದು ತಿರುಗಿಸಿದೆ.
ಒಂದು ಒಣ ಮಚ್ಚೆ ಇಲ್ಲ.
ಹತ್ತೊಂಬತ್ತು ವರ್ಷ ಶೆಡ್ಡು ನಡೆಸಿದ್ದೇನೆ,
ಇಷ್ಟು ಸಮನಾದ ನೀಲಿ ನನ್ನ ಕೈಗೆ ಬಂದಿಲ್ಲ.

ಸಂಜೆ ಇಲಿಯಾಸ್ ಬಂದ.
"ಟೈಲರ್ ಮೆಹರುನ್ನೀಸಾಳ ಮಗ ಅಲ್ವೇನಪ್ಪ?
ನಿನಗೂ ನಾನೇ ಎರೆದದ್ದು. ಬೀದಿಗೆಲ್ಲ ಕೇಳೋ ಹಾಗೆ ಅಳ್ತಿದ್ದೆ."
ಕಿವಿ ಕೆಂಪಾಗಿ ಸುಮ್ಮನೆ ಸ್ಟಾರ್ಟ್ ಮಾಡಿದ.
ಬಿಲ್ಲಿನಲ್ಲಿ ಬರೆದೆ: ಎಣ್ಣೆ ಇನ್ನೂರು, ಲೇಬರ್ ನೂರೈವತ್ತು.
ಒಂದು ರವಿಕೆ ಕಣ, ಐದು ವೀಳ್ಯದೆಲೆ
ಎಂದು ಸೇರಿಸುವುದಕ್ಕೆ ಕಾಲಂ ಇರಲಿಲ್ಲ.

ಕಾರು ಇಂಡಿಕೇಟರ್ ಹಾಕದೆ
ಬಂಗಾರಪೇಟೆ ಕಡೆ ತಿರುಗಿತು.
ಆ ದಾರಿ ಎಲ್ಲಿಗೆ ಹೋಗುತ್ತೆಂದು ನಾನು ಹೇಳಲಿಲ್ಲ,
ನೀಲಿ ಬೆರಳು ಮೂಸುತ್ತಾ ಕೂತವಳು ಕೇಳಲೂ ಇಲ್ಲ.